ಏಬ್ ಅಣ್ಣನ ಮೂಗು

ಹಾರ್ಬರ್‌ಮ್ಯಾನ್ ಎಂಬ ಕಾಮಿಕ್ಸ್ ವೀರನನ್ನು ಹುಟ್ಟಿಸಿದ್ದು ಮೋ ಲಿಪ್ಕಿನ್. ಕಥೆಯೂ ಅವನದೇ, ಚಿತ್ರವೂ ಅವನದೇ. ಇಪ್ಪತ್ತರ ಹುಮ್ಮಸ್ಸಿನಲ್ಲಿ ಕಂಪನಿಯವರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದ. ಅಲ್ಲಿಗೆ ವೀರ ಕಂಪನಿಯ ಸೊತ್ತಾದ. ಮಕ್ಕಳ ಪೈಜಾಮದ ಮೇಲೆ ಬಂದ, ಊಟದ ಡಬ್ಬಿಯ ಮೇಲೆ ಬಂದ, ಟಿವಿಯಲ್ಲೂ ಹಾರಾಡಿದ. ಹುಟ್ಟಿಸಿದವನು ನ್ಯೂಯಾರ್ಕಿನ ಕ್ವೀನ್ಸ್‌ನ ಬಾಡಿಗೆ ಮನೆಯಲ್ಲಿ ಕೂತು ಔಷಧಿ ಜಾಹೀರಾತಿಗೆ ಹೊಟ್ಟೆನೋವಿನ ಮುಖಗಳನ್ನು ಬರೆದುಕೊಂಡಿದ್ದ.

ಅದನ್ನೆಲ್ಲ ಮೋ ಹೇಗೋ ನುಂಗಿಕೊಂಡಿದ್ದ. ನುಂಗಲಾಗದೆ ಉಳಿದದ್ದು ಆ ವೀರನ ಮುಖವೊಂದೇ. ಅದು ಅವನ ಅಣ್ಣ ಏಬ್‌ನ ಮುಖ. ಏಬ್ ಬ್ರೂಕ್ಲಿನ್‌ನ ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ, ಯಾರದೋ ಗುದ್ದಿಗೆ ಮೂಗು ಸೊಟ್ಟ ಮಾಡಿಕೊಂಡಿದ್ದ, ಎರಡನೇ ಮಹಾಯುದ್ಧಕ್ಕೆ ಹೋಗಿ ಇಟಲಿಯಲ್ಲಿ ಮಣ್ಣಾದ. ಮನೆಯಲ್ಲಿದ್ದ ಒಂದೇ ಫೋಟೋ ಬೆಂಕಿಗೆ ಹೋಯಿತು. ಹಳೆಯ ಸಂಚಿಕೆಗಳ ದರಿದ್ರ ಅಚ್ಚಿನಲ್ಲಿ ಮೂಗು ಬರೀ ಮಸಿಯ ಚುಕ್ಕೆ. ಮೂಲ ಹಾಳೆಗಳನ್ನು ಕಂಪನಿಯೇ ಜಾಗ ಸಾಲದೆಂದು ಸುಟ್ಟುಹಾಕಿತ್ತು. ಮೋ ಕಂಪನಿ ಬಿಟ್ಟುಹೋದ ಮೇಲೆ ಬಂದ ಚಿತ್ರಕಾರರು ಆ ಮೂಗನ್ನು ನೆಟ್ಟಗೆ ಮಾಡಿದರು.

1972ರಲ್ಲಿ ವ್ಯಾಪಾರ ಕುಸಿದಾಗ ಕಂಪನಿಗೆ ಮೋನ ನೆನಪಾಯಿತು. ಸಂಪಾದಕ ಹಾರ್ಗ್ರೋವ್, ಮೊದಲ ಸಂಚಿಕೆ ಬಂದಾಗ ತೊಟ್ಟಿಲಲ್ಲಿದ್ದವನು, ತಾನೇ ಫೋನ್ ಮಾಡಿ ಹೊಸ ಸಂಚಿಕೆ ಬರೆಯಲು ಕರೆಸಿದ.

"ಮುಖ ನಾನು ಬರೆದ ಹಾಗೇ ಇರ್ಬೇಕು," ಎಂದ ಮೋ.

"ಆಗ್ಲಿ ಬಿಡಿ ಮೋ, ನಿಮ್ಮ ಕೂಸು ತಾನೇ," ಎಂದು ಹಾರ್ಗ್ರೋವ್ ಕೈ ಕುಲುಕಿದ.

ಕೊನೆಯ ಹಾಳೆಗಳನ್ನು ಕೊಡಲು ಹೋದ ದಿನ, ಚಿತ್ರಕಾರರ ಕೋಣೆಯಲ್ಲಿ ಹಳೆಯ ಗೆಳೆಯ ಆಂಜೆಲೊ ಮೇಜಿಗೆ ಬಾಗಿ ಕೂತಿದ್ದ. ಪುಟ್ಟಪುಟ್ಟ ತಲೆಗಳನ್ನು ಕತ್ತರಿಸಿ, ಗೋಂದು ಹಚ್ಚಿ, ಮೋ ಬರೆದ ಹಾಳೆಗಳ ಮೇಲೆ ಅಂಟಿಸುತ್ತಿದ್ದ.

"ಏನೋ ಇದು?"

ಆಂಜೆಲೊ ತಲೆ ಎತ್ತಲಿಲ್ಲ. "ಪೈಜಾಮದ ಮೇಲಿರೋ ನೆಟ್ಟ ಮೂಗಿನ ಮುಖ ಕಣೋ. ನಾನಲ್ದಿದ್ರೆ ಇನ್ನೊಬ್ಬ ಅಂಟಿಸ್ತಾನೆ. ನನ್ ಮೇಲೆ ಹರಿಹಾಯ್ಬೇಡ."

ಮೋ ಸೀದಾ ಹಾರ್ಗ್ರೋವ್‌ನ ಕೋಣೆಗೆ ನುಗ್ಗಿದ. "ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ, ಇಲ್ಲ ಅಂದ್ನಾ? ಆದ್ರೆ ಮಕ್ಕಳಿಗೆ ಗುರುತು ಸಿಗ್ಬೇಕಲ್ಲ. ನಿಮ್ಮೋನು ಕುಡಿದು ಮೋರಿಗೆ ಬಿದ್ದೆದ್ದೋನ ಥರ ಇದಾನೆ."

"ಅವನು ನಮ್ಮಣ್ಣ."

"ಯಾರು?" ಎಂದು ಹಾರ್ಗ್ರೋವ್ ಫೋನ್ ಎತ್ತಿಕೊಂಡ.

ಮೈಯೆಲ್ಲ ಉರಿಯುತ್ತಿದ್ದ ಮೋ ವಾಪಸು ಬಂದು ಅಂಟಿಸಿದ ತಲೆಗಳನ್ನು ಉಗುರಿನಿಂದ ಕೀಳತೊಡಗಿದ. ಗೋಂದು ಸಲೀಸಾಗಿ ಬಿಟ್ಟಿತು. ಆಂಜೆಲೊ ತಡೆಯಲಿಲ್ಲ, ತಾನೂ ಕೈ ಜೋಡಿಸಿದ. ಒಂದೊಂದೇ ಚೌಕದಲ್ಲಿ ಏಬ್ ಹೊರಬಂದ. ಮೋನ ಕಣ್ಣು ತುಂಬಿತು.

ಆಂಜೆಲೊ ಹಾಳೆಗಳನ್ನು ಸಾಲಾಗಿ ಹರಡಿ ನೋಡುತ್ತ ನಿಂತ. "ಬೇಜಾರ್ ಮಾಡ್ಕೋಬೇಡ ಮಾರಾಯ. ನಿಮ್ಮಣ್ಣನ ಮೂಗು ಯಾವ ಕಡೆಗೆ ಸೊಟ್ಟ ಇತ್ತು?"

"ಯಾಕೆ?"

"ಇಲ್ಲಿ ಎದುರಿಗೆ ನೋಡ್ತಿದಾನೆ, ಎಡಕ್ಕಿದೆ. ಇಲ್ಲೂ ಎದುರಿಗೇ ನೋಡ್ತಿದಾನೆ, ಬಲಕ್ಕಿದೆ. ಈ ಪುಟದಲ್ಲಿ ಮತ್ತೆ ಎಡ."

ಮೋ ಕಣ್ಣು ಮುಚ್ಚಿದ. ಗುದ್ದು ಬಿದ್ದ ದಿನ ನೆನಪಿತ್ತು. ಅಂಗಿಯ ಮೇಲಿನ ರಕ್ತ, ಅಮ್ಮ ಯಹೂದಿಗಳ ಯಿಡ್ಡಿಷ್ ಮಾತಿನಲ್ಲಿ ಹಿಡಿಶಾಪ ಹಾಕುತ್ತ ಬಟ್ಟೆಯಲ್ಲಿ ಸುತ್ತಿ ಒತ್ತಿದ ಐಸು, ಆ ನೋವಿನಲ್ಲೂ ಏಬ್ ನಕ್ಕದ್ದು. ಮೂಗು ಮಾತ್ರ ಬರಲಿಲ್ಲ. ಬಲವಂತ ಮಾಡಿದರೆ ಪೈಜಾಮದ ಮುಖವೇ ಎದ್ದು ಬಂತು, ನೆಟ್ಟನೆಯ ಮೂಗು ಹೊತ್ತು. ಕೇಳೋಣವೆಂದರೆ ಅಮ್ಮ ಇಲ್ಲ. ಏಬ್‌ನನ್ನು ಕಂಡ ಒಂದು ಜೀವವೂ ಉಳಿದಿಲ್ಲ.

ಅಣ್ಣನನ್ನು ಕಂಪನಿ ಕಿತ್ತುಕೊಂಡಿತೆಂದು ಇಷ್ಟು ವರ್ಷ ಬೈದುಕೊಂಡೇ ಬದುಕಿದ್ದ. ಈಗ ಬೈಯಲು ತನ್ನನ್ನು ಬಿಟ್ಟು ಯಾರೂ ಸಿಗಲಿಲ್ಲ.

ಅವನು ಗೋಂದಿನ ಕುಂಚಕ್ಕೆ ಕೈಚಾಚಿದ.

"ಬಿಡೋ, ನಾನು ಅಂಟಿಸ್ತೀನಿ," ಎಂದ ಆಂಜೆಲೊ.

"ಕೊಡೋ ಇಲ್ಲಿ."

ಮೋ ತಾನೇ ಕಿತ್ತಿದ್ದ ಒಂದೊಂದು ತಲೆಯನ್ನೂ ಅದರದರ ಜಾಗದಲ್ಲಿಟ್ಟು, ಅಂಚು ಏಳದಂತೆ ಹೆಬ್ಬೆರಳಿನಿಂದ ಒತ್ತುತ್ತ ಹೋದ.