ಗಡಿಯಾರದವನೂ ಷಡ್ಡಕನ ಫೋಕಸರೂ

ಬೇರೆಯವರ ಒಳ್ಳೆಯ ವಸ್ತು ಕಣ್ಣಿಗೆ ಬಿದ್ದೊಡನೆ ನಮ್ಮ ಗಡಿಯಾರದವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾನೆ. ಕೈ ಮುಂದಿದ್ದರೆ ಅದು ತಾನಾಗಿಯೇ ಚಾಚಿ, ಮುಟ್ಟಿ, ಮೆಚ್ಚಿ, ಯಜಮಾನನ ಮಾನ ಕಳೆದೀತೆಂಬ ಭಯ. ಬಾಯಿಯ ವಿಷಯದಲ್ಲಿ ಆ ಭಯವಿಲ್ಲ; ಅದು ಮೂವತ್ತು ವರ್ಷಗಳಿಂದ ಪಳಗಿದೆ. ಹೊಸ ಕುರ್ಚಿ ತೋರಿಸಿ, ಹೊಸ ಮನೆ ತೋರಿಸಿ, ಹೊಸ ಅಳಿಯನನ್ನೇ ತಂದು ನಿಲ್ಲಿಸಿ, ಅಲ್ಲಿಂದ ಹೊರಬೀಳುವುದು ಒಂದೇ ಮಾತು: "ಸ್ವಲ್ಪ ಪ್ಲೇ ಇದೆ." ಪ್ಲೇ ಎಂದರೆ ಅವನ ಕಸುಬಿನಲ್ಲಿ ಚಕ್ರದ ಹಲ್ಲಿಗೂ ಹಲ್ಲಿಗೂ ನಡುವೆ ಇರಬಾರದ ಸಡಿಲ.

ಬಲಗಣ್ಣಿಗೆ ಭೂತಗನ್ನಡಿ ಕಚ್ಚಿಸಿಕೊಂಡು ಬಗ್ಗಿ ಬಗ್ಗಿ ಒಂದು ಭುಜ ಇಳಿದುಹೋಗಿದೆ. ಬೀದಿಯಲ್ಲಿ ನಡೆದರೆ ಕಳೆದುಹೋದ ಸ್ಕ್ರೂ ಹುಡುಕುತ್ತಿರುವಂತೆ ಕಾಣುತ್ತಾನೆ. ಬೇಸಿಗೆಯಲ್ಲೂ ಬಿಚ್ಚದ ಬೂದುಬಣ್ಣದ ಕೋಟು, ಅದರ ಒಳಜೇಬಿನಲ್ಲಿ ಅಳತೆಯ ವರ್ನಿಯರ್. ಹಗಲೆಲ್ಲ ಅಂಗೈಯೊಳಗಿನ ಸೂಕ್ಷ್ಮ ಚಕ್ರಗಳನ್ನು ನೋಡಿ ದಣಿದ ಕಣ್ಣು ಸಂಜೆಗೆ ಆಕಾಶವನ್ನು ಬೇಡುತ್ತದೆಂದು ಕನ್ನಡಿಯ ಟೆಲಿಸ್ಕೋಪೊಂದನ್ನು ತಾನೇ ಕಟ್ಟಿಕೊಂಡ. ಅದರ ಮರದ ಕೊಳವೆ ನಾನು ಮಾಡಿಕೊಟ್ಟದ್ದು. ನಾನು ಬಡಗಿ, ಹಲಗೆಗಳು ಕೂಡಿದ ಜಾಗ ಎಲ್ಲಿದೆಯೆಂದು ಇಂದಿಗೂ ಯಾರೂ ಪತ್ತೆಹಚ್ಚಿಲ್ಲ. ಇರಲಿ, ಹೇಳಹೊರಟದ್ದು ಅವನ ಮಾತು.

ಅವನ ಷಡ್ಡಕ, ಎಂದರೆ ಹೆಂಡತಿಯ ತಂಗಿಯ ಗಂಡ, ಹಲ್ಲಿನ ಡಾಕ್ಟರು. ಸದಾ ನಗುಮುಖ, ಅದೇ ಅವರ ಮೊದಲ ಅಪರಾಧ. ಅವರದು ಮಸೂರದ ಟೆಲಿಸ್ಕೋಪು. ಗ್ರಂಥಾಲಯದ ತಾರಸಿಯಲ್ಲಿ ನಮ್ಮ ನಕ್ಷತ್ರಕೂಟ ಸೇರಿದ ಒಂದು ಸಂಜೆ ಅದಕ್ಕೆ ಹೊಸ ಫೋಕಸರ್ ಹಾಕಿಸಿಕೊಂಡು ಬಂದರು. ಕಣ್ಣಿಡುವ ಮಸೂರವನ್ನು ಹಿಂದೆ ಮುಂದೆ ಸರಿಸಿ ಚಿತ್ರವನ್ನು ತಿಳಿಗೊಳಿಸುವ ಭಾಗವದು. ಇದಕ್ಕೆ ಎರಡು ತಿರುಪು, ದೊಡ್ಡದು ಓಡಿಸುವುದಕ್ಕೆ, ಚಿಕ್ಕದು ತೆವಳಿಸುವುದಕ್ಕೆ. ಗಡಿಯಾರದವನ ಹೆಂಡತಿ ಕಣ್ಣಿಟ್ಟು, ಚಿಕ್ಕ ತಿರುಪನ್ನು ಒಂದೇ ಬೆರಳಲ್ಲಿ ಆಡಿಸಿ, "ಅಬ್ಬಾ, ಎಷ್ಟು ನುಣ್ಣಗಿದೆ! ನಮ್ಮದು ಜರ್ ಜರ್ ಅನ್ನುತ್ತೆ," ಎಂದುಬಿಟ್ಟಳು.

ಇಪ್ಪತ್ತೆಂಟು ವರ್ಷ ಅವನ ಕೈಗೆಲಸ ಕಂಡ ಹೆಂಗಸು, ಅವನ ಯಾವ ಕೆಲಸಕ್ಕೂ ಆ ಮಾತು ಆಡಿದವಳಲ್ಲ. ಅವನ ಕೈಗಳು ಬೆನ್ನ ಹಿಂದೆ ಹೋದವು.

"ಸ್ವಲ್ಪ ಪ್ಲೇ ಇದೆ."

"ಎಲ್ಲಿ ಭಾವ?" ಡಾಕ್ಟರು ಮುಗ್ಧವಾಗಿ ಕೇಳಿದರು. "ಇದಕ್ಕೆ ಹಲ್ಲೇ ಇಲ್ಲವಲ್ಲ. ಉರುಳೆ ಮೇಲೆ ಜಾರೋದು."

"ಹಲ್ಲಿಲ್ಲದ್ದನ್ನೂ ಬಿಡಲಿಲ್ಲವಾ ನೀವು? ಸಂತೋಷ."

ಮರುದಿನದಿಂದ ಅಂಗಡಿಯಲ್ಲಿ ಗಿರಾಕಿಗಳ ಗಡಿಯಾರಗಳು ನಿಂತಲ್ಲೇ ನಿಂತವು. ಮೇಜಿನ ತುಂಬ ಫೋಕಸರುಗಳ ಚಿತ್ರಗಳು: ಹಲ್ಲಿನದು, ಉರುಳೆಯದು, ಗಿಡ್ಡದು, ಎತ್ತರದ್ದು. ಒಂದೊಂದಕ್ಕೂ ಒಂದೊಂದು ಕುಂದು. ಕೊನೆಗೊಂದು ಸಂಜೆ ಇಲ್ಲದ ಹಲ್ಲುನೋವು ಹೇಳಿಕೊಂಡು ಷಡ್ಡಕನ ಮನೆಗೇ ಹೋದ. ಪಾಪ, ಡಾಕ್ಟರು ಮಾತ್ರೆ ತರಲು ಒಳಗೆ ಹೋದ ಎರಡು ನಿಮಿಷದಲ್ಲಿ ಕೋಟಿನಿಂದ ವರ್ನಿಯರ್ ತೆಗೆದು, ಅವರ ಫೋಕಸರಿನ ಅಗಲ, ಎತ್ತರ, ಓಟ ಮೂರನ್ನೂ ಅಳೆದು ಅಂಗೈ ಮೇಲೆ ಗೀಚಿಕೊಂಡ. ನೇರ ನನ್ನಲ್ಲಿಗೆ ಬಂದು ಅಂಗೈ ಬಿಚ್ಚಿದ.

"ಪ್ರತಿಯೊಂದರಲ್ಲೂ ಇದಕ್ಕಿಂತ ಒಂದು ಕೈ ಹೆಚ್ಚಿರಬೇಕು, ನೋಡ್ತಾ ಇರು."

ಅಂಥದ್ದನ್ನೇ ಆರಿಸಿ ತರಿಸಿದ: ಕಪ್ಪಗೆ, ಭಾರವಾಗಿ, ಡಾಕ್ಟರದಕ್ಕಿಂತ ಎತ್ತರವಾಗಿ. ಹೆಂಡತಿಯ ಕಣ್ಣೇ ಮೊದಲು ಬೀಳಬೇಕೆಂದು ಮನೆಯಲ್ಲಿ ಪರೀಕ್ಷಿಸಿಯೂ ನೋಡಲಿಲ್ಲ. ಮುಂದಿನ ಕೂಟದಲ್ಲಿ, ಆಗತಾನೇ ಕತ್ತಲು ಕವಿಯುತ್ತಿರುವಾಗ, ಸಾಲನ್ನು ತಡೆದು ನಿಲ್ಲಿಸಿ ಅವಳನ್ನು ಕರೆದ. ಅವಳು ಕಣ್ಣಿಟ್ಟಳು.

"ರೀ, ಒಂದು ಬಳೆ ಕಾಣ್ತಿದೆ. ಚುಕ್ಕಿ ಎಲ್ಲಿ?"

"ಒಳಕ್ಕೆ ತಿರುಗಿಸೇ."

"ಇನ್ನು ಒಳಗೆ ಹೋಗಲ್ಲ. ತುದಿಗೆ ಬಂತು."

ಮಸೂರದ ಟೆಲಿಸ್ಕೋಪಿಗೆ ಎತ್ತರದ ಫೋಕಸರ್ ಸರಿ. ಕನ್ನಡಿಯದರಲ್ಲಿ ಬೆಳಕು ಕೊಳವೆಯ ಪಕ್ಕದಲ್ಲೇ ಬಂದು ಕೂಡುತ್ತದೆ. ಎತ್ತರದ್ದು ಕೂರಿಸಿದರೆ ಕಣ್ಣಿಡುವ ಮಸೂರ ಆ ಜಾಗದಿಂದ ದೂರವೇ ಉಳಿದು, ಚುಕ್ಕಿ ಊದಿಕೊಂಡು ಬಳೆಯಾಗುತ್ತದೆ. ಇದು ಅವನಿಗೆ ತಿಳಿಯದ ವಿದ್ಯೆಯಲ್ಲ. ನನಗೆ ಪಿತ್ತ ನೆತ್ತಿಗೇರಿತು.

"ಲೇ, ಅವರದನ್ನು ಅಷ್ಟು ಅಳೆದೆಯಲ್ಲ, ನಿನ್ನದನ್ನು ಅಳೆದೆಯೇನೋ?"

ಅಂಗೈ ನೋಡಿಕೊಂಡು, "ಇಲ್ಲ," ಎಂದ. ಅವನ ಬಾಯಿಂದ ನಾನು ಕೇಳಿದ, ಸ್ವಲ್ಪವೂ ಪ್ಲೇ ಇಲ್ಲದ ಮಾತು ಅದೊಂದೇ.

ಗಿಡ್ಡದಕ್ಕೆ ಬದಲಿಸು ಎಂದೆ. ಅವನೆಲ್ಲಿ ಕೇಳುತ್ತಾನೆ! ಫೋಕಸರ್ ತಗ್ಗದಿದ್ದರೆ ಕನ್ನಡಿಯೇ ಮುಂದೆ ಬಂದು ಬೆಳಕು ಕೂಡುವ ಜಾಗವನ್ನು ಹೊರಕ್ಕೆ ತಳ್ಳಲಿ ಎಂದು ಹಟ ಹಿಡಿದ. ಬೈಯುತ್ತಲೇ ನನ್ನ ಕೊಳವೆಗೆ ನಾನೇ ಹೊಸ ತೂತು ಕೊರೆದು, ಕನ್ನಡಿಯನ್ನು ಮೂರು ಬೆರಳು ಮುಂದೆ ಕೂರಿಸಿಕೊಟ್ಟೆ. ಈ ಸಲ ಅವನು ತನ್ನದನ್ನು ಏಳು ಬಾರಿ ಅಳೆದ.

ಮತ್ತೆ ತಾರಸಿ, ಮತ್ತೆ ಹೆಂಡತಿಯ ಕಣ್ಣು.

"ಬಂತು ರೀ! ಸೂಜಿ ಚುಚ್ಚಿದ ಹಾಗಿದೆ."

"ತಿರುಪು?"

"ಡಾಕ್ಟ್ರದ್ದಷ್ಟೇ ನುಣ್ಣಗಿದೆ."

'ಅಷ್ಟೇ' ಎಂಬ ಮಾತು ಅವನ ಇಳಿದ ಭುಜವನ್ನು ಇನ್ನಷ್ಟು ಇಳಿಸಿತು. ಅಷ್ಟರಲ್ಲಿ ಡಾಕ್ಟರು ಮುಂದೆ ಬಂದು ಕಣ್ಣಿಟ್ಟರು. ಚಿಕ್ಕ ತಿರುಪನ್ನು ಅತ್ತ ಒಮ್ಮೆ, ಇತ್ತ ಒಮ್ಮೆ ಆಡಿಸಿದರು. ಹಿಂದೆ ಸರಿದಾಗ ಮುಖದಲ್ಲಿ ಆ ನಗು ಇರಲಿಲ್ಲ.

"ಪರವಾಗಿಲ್ಲ ಭಾವ. ಎತ್ತರ ಸ್ವಲ್ಪ ಜಾಸ್ತಿ ಆಯ್ತೇನೋ," ಎಂದರು. ಅವರ ಎರಡೂ ಕೈಗಳು ಬೆನ್ನ ಹಿಂದೆ ಇದ್ದವು.

ಗಡಿಯಾರದವನು ಆ ಕೈಗಳನ್ನು ನೋಡಿದ. ಆಕಾಶದ ಯಾವ ಚುಕ್ಕಿಯನ್ನೂ ಅವನು ಅಷ್ಟು ತೃಪ್ತಿಯಿಂದ ನೋಡಿದ್ದನ್ನು ನಾನು ಕಂಡಿಲ್ಲ.

ಇಂಥವರನ್ನು ಹೊಟ್ಟೆಕಿಚ್ಚಿನವರೆಂದು ತಳ್ಳಿಹಾಕುವುದು ಸುಲಭ. ಆದರೆ ಬಾಯ್ತುಂಬ ಹೊಗಳುವವರು ನಮ್ಮ ಮುಖ ನೋಡುತ್ತಾರೆಯೇ ಹೊರತು ವಸ್ತುವನ್ನು ನೋಡುವುದಿಲ್ಲ. ಹೊಟ್ಟೆ ಉರಿದವನು ಮಾತ್ರ ಅದರ ಅಗಲ, ಎತ್ತರ, ಓಟವನ್ನು ಅಂಗೈ ಮೇಲೆ ಬರೆದುಕೊಂಡು ಹೋಗುತ್ತಾನೆ. ಕಸುಬುದಾರನ ಶ್ರಮಕ್ಕೆ ಅದಕ್ಕಿಂತ ನಿಷ್ಠೆಯ ಸಾಕ್ಷಿ ಬೇರೆ ಸಿಗುವುದು ಕಷ್ಟ. ಬೇರೆ ಬಡಗಿ ಕೂರಿಸಿದ ಬಾಗಿಲೊಂದು ಸದ್ದಿಲ್ಲದೆ ಮುಚ್ಚಿಕೊಂಡರೆ ನಾನೂ ನಿಂತು ನೋಡುತ್ತೇನೆ. ಆಗ ನನ್ನ ಕೈಗಳು ಎಲ್ಲಿರುತ್ತವೆ ಎಂದು ಮಾತ್ರ ಕೇಳಬೇಡಿ.