ಎಚ್ ಒಂದರಲ್ಲಿ ಚಂದಮ್ಮ

೨೦೦೧ರಲ್ಲಿ ಪುಣೆ ಬಳಿಯ ನಿಗಡಿಯ ಹೊಸ ಕಟ್ಟಡದ ಮೂರನೇ ಮಹಡಿಯಲ್ಲಿ ಕಂಪ್ಯೂಟರ್ ಕ್ಲಾಸು ಶುರುವಾಯಿತು. ಸುಮಂಗಲಾ ಮೊದಲ ತಂಡದಲ್ಲೇ ಸೇರಿದಳು. ಆ ಕಟ್ಟಡ ಏಳುವಾಗ ಅವಳ ತಾಯಿ ಚಂದಮ್ಮ ಎರಡು ವರ್ಷ ಕಾಂಕ್ರೀಟ್ ಬುಟ್ಟಿ ಹೊತ್ತಿದ್ದಳು.

ವೆಬ್ ಪುಟ ಬರೆಯಲು ಕಲಿಸುತ್ತಿದ್ದವರು ಆಳಂದ ಕಡೆಯ ಅಂಬಾದಾಸ ಸರ್. "ಟ್ಯಾಗ್ ಅಂದ್ರ ಪುಟಕ್ಕ ಹಾಕೋ ಗುರುತು; ತೆರದ್ರ ಮುಚ್ಚಬೇಕು, ಮರೀಬ್ಯಾಡ್ರಿ. ತಲೆಬರಹಕ್ಕ ಎಚ್ ಒಂದರಿಂದ ಆರು. ಒಂದು ಎಲ್ಲಕ್ಕಿಂತ ದೊಡ್ಡದು, ಆರು ಸಣ್ಣದು. ಪ್ಯಾರಾಕ್ಕ ಪಿ, ಪಟ್ಟಿಯ ಒಂದೊಂದು ಸಾಲಿಗೂ ಎಲ್‌ಐ."

ಪ್ರದರ್ಶನಕ್ಕೆ ಎಲ್ಲರೂ 'ನಮ್ಮ ಕಟ್ಟಡ' ಎಂಬ ಪುಟ ಮಾಡಬೇಕಿತ್ತು. ಮುಖ್ಯ ಅತಿಥಿ ಅದೇ ಕಟ್ಟಡದ ಬಿಲ್ಡರು. ಸುಮಂಗಲಾ ಎಚ್ ಒಂದರಲ್ಲಿ ತಾಯಿಯ ಹೆಸರು ಬರೆದಳು. ಕೆಳಗೆ ಅವಳ ಜೊತೆ ದುಡಿದ ಹದಿನಾಲ್ಕು ಹೆಂಗಸರ ಪಟ್ಟಿ. ಕಟ್ಟಕಡೆಗೆ, ಎಚ್ ಆರರಲ್ಲಿ, ಬಿಲ್ಡರ ಹೆಸರು.

ಸರ್ ಪರದೆ ನೋಡಿ ಹುಬ್ಬು ಗಂಟಿಕ್ಕಿದರು. "ಇದನ್ನ ತಿರುಗಿಸಿ ಬರಿ."

"ಟ್ಯಾಗ್ ತಪ್ಪೇನ್ರಿ ಸರ್?"

"ಟ್ಯಾಗ್ ಸರಿ ಅದ. ಬುದ್ಧಿ ತಪ್ಪದ."

"ಹಂಗಾದ್ರ ಬರಿಯಂಗಿಲ್ರಿ."

ಪ್ರದರ್ಶನದ ದಿನ ಬಂದು ನೋಡಿದರೆ ಅವಳ ಫೈಲೇ ಇರಲಿಲ್ಲ. ಯಾರು ಅಳಿಸಿದರೆಂದು ಕೇಳುವ ಗೋಜಿಗೂ ಹೋಗದೆ ಸುಮಂಗಲಾ ನೋಟ್‌ಪ್ಯಾಡ್ ತೆರೆದಳು. ಟ್ಯಾಗುಗಳೂ ಹೆಸರುಗಳೂ ಬಾಯಿಪಾಠವಾಗಿದ್ದವು. ಬಿಲ್ಡರು ಪಕ್ಕದ ಮೇಜಿಗೆ ಬರುವಷ್ಟರಲ್ಲಿ ಪುಟ ಸೇವ್ ಆಗಿ, ಪರದೆಯ ತುಂಬ ದಪ್ಪಕ್ಷರದಲ್ಲಿ ಚಂದಮ್ಮನ ಹೆಸರು ಮೂಡಿತ್ತು.

"ಇದು ಯಾರು?" ಎಂದು ಅವರು ಮರಾಠಿಯಲ್ಲಿ ಕೇಳಿದರು.

"ನಮ್ಮವ್ವ. ನೀವು ನಿಂತಿರೋ ಸ್ಲ್ಯಾಬಿಗೆ ಕಾಂಕ್ರೀಟ್ ಹೊತ್ತವಳು," ಎಂದು ಅವಳೂ ಮರಾಠಿಯಲ್ಲೇ ಹೇಳಿದಳು.

ಬಿಲ್ಡರು ಕೆಳಗಿದ್ದ ತಮ್ಮ ಹೆಸರನ್ನು ಬಗ್ಗಿ ಓದಿ, ಮುಂದಿನ ಮೇಜಿಗೆ ಹೋದರು.

ಬಿಲ್ಡರ ಕ್ಷಮೆ ಕೇಳುವ ತನಕ ಸರ್ಟಿಫಿಕೇಟ್ ಇಲ್ಲವೆಂದು ಕ್ಲಾಸಿನವರು ತಿಳಿಸಿದರು. ಸುಮಂಗಲಾ ಮನೆಯಲ್ಲಿ ಎಲ್ಲವನ್ನೂ ಹೇಳಿದಳು. ರೊಟ್ಟಿ ಬಡಿಯುತ್ತಿದ್ದ ಚಂದಮ್ಮ ಕೈ ನಿಲ್ಲಿಸದೆ ಕೇಳಿದಳು, "ನೀ ಬರದಿದ್ದು ಸುಳ್ಳೇನು?"

"ಇಲ್ಲವ್ವ."

"ಮತ್ತ ಯಾತರ ಕ್ಷಮಾ?"

ಸರ್ಟಿಫಿಕೇಟ್ ಬರಲೇ ಇಲ್ಲ. ಎರಡು ತಿಂಗಳ ಮೇಲೆ ಪಕ್ಕದ ಆಕುರ್ಡಿಯ ಒಂದು ಡಿಟಿಪಿ ಅಂಗಡಿಯವರು, ಸರ್ಟಿಫಿಕೇಟ್ ಕೇಳದೆ, ಅವಳ ಕೈಯಿಂದ ತಮ್ಮ ಅಂಗಡಿಗೊಂದು ಪುಟ ಬರೆಸಿ ನೋಡಿ, ಮರುದಿನದಿಂದಲೇ ಕೆಲಸಕ್ಕೆ ಬಾ ಎಂದರು.