ಎರಡನೇ ಚೆಂಡು

ಕುಟ್ಟಬೇಕೋ ಬೇಡವೋ — ತಮ್ಮನ ಕೈಯ ಪೆನ್ಸಿಲ್ ಮೇಜಿನಿಂದ ಒಂದು ಬೆರಳಷ್ಟು ಮೇಲೆ ನಿಂತಿದೆ, ಅಕ್ಕ ಎಕ್ಸ್ ವರ್ಗ ಸಮ ಐದು ಎಕ್ಸ್ ಎಂದು ಬರೆದು ಎರಡೂ ಕಡೆಯ ಎಕ್ಸ್ ಹೊಡೆದುಹಾಕಿದ್ದಾಳೆ, ಎಕ್ಸ್ ಸಮ ಐದು, ಅಷ್ಟೇ, ಸೊನ್ನೆ ಕೈತಪ್ಪಿ ಹೋಯಿತು, ಎಲ್ಲರೂ ಜಾರುವ ಜಾಗ, ಒಪ್ಪಂದವೂ ಇದೆ, ನೀನು ಬಾಯಿ ಬಿಟ್ಟರೆ ನನ್ನ ತಲೆ ಕೆಡುತ್ತೆ ಕಣೋ, ತಪ್ಪಾದರೆ ಮೇಜು ಕುಟ್ಟು, ಸರಿಯಿದ್ದರೆ ಸುಮ್ಮನಿರು, ಹೀಗೆ ಎರಡು ತಿಂಗಳಿಂದ ತಮ್ಮನ ಮೌನವೇ ಅವಳಿಗೆ ಶಹಭಾಸ್‌ಗಿರಿ, ಅವನಿಗೂ ಅದೇ ಹಿತ — ಅಕ್ಕ ಕಣ್ಣು ಕಿರಿದು ಮಾಡುತ್ತಾಳೆ, ತಡಿ ತಡಿ, ಕುಟ್ಟಬೇಡ, ಎಕ್ಸೇ ಸೊನ್ನೆಯಾಗಿದ್ದರೆ ಅದರಿಂದ ಭಾಗಿಸೋಕೆ ನಾನ್ಯಾರು, ಗೀಟೆಳೆದಳು, ಐದು ಎಕ್ಸ್ ಮೈನಸ್ ಹೊತ್ತುಕೊಂಡು ಈಚೆ ಬಂತು, ಎಕ್ಸ್ ಹೊರಗೆ, ಆವರಣದೊಳಗೆ ಎಕ್ಸ್ ಮೈನಸ್ ಐದು, ಗುಣಲಬ್ಧ ಸೊನ್ನೆ, ಅಂದಮೇಲೆ ಇದಾದರೂ ಸೊನ್ನೆ ಅದಾದರೂ ಸೊನ್ನೆ, ಎರಡು ಉತ್ತರ, ಪೆನ್ಸಿಲ್ ತಾನಾಗಿ ಕೆಳಗಿಳಿಯಿತು, ಅಕ್ಕ, ನಲವತ್ತೊಂದು ವರ್ಷದ ಹೆಂಗಸು, ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹದಿನಾರು ವರ್ಷ ಬಿಸಿನೀರಿಗೆ ಕೈಯೊಡ್ಡಿದವಳು, ಮಧ್ಯಾಹ್ನ ಎರಡಕ್ಕೆ ಹತ್ತನೇ ತರಗತಿಯ ಗಣಿತ ಬರೆಯುತ್ತಾಳೆ, ಪಾಸಾದರೆ ಮೇಲ್ವಿಚಾರಕಿ, ಇಲ್ಲದಿದ್ದರೆ ಕೊನೆತನಕ ಅದೇ ತೊಟ್ಟಿ, ಈ ಸಲ ಹೋದರೆ ಪುಸ್ತಕ ರದ್ದಿಗೆ ನೋಡು, ಅಂದಿದ್ದಾಳೆ.

ಇನ್ನೊಂದೇ ಲೆಕ್ಕ, ಸಂಭವನೀಯತೆ, ಚೀಲದಲ್ಲಿ ಮೂರು ಕೆಂಪು ಚೆಂಡು ಎರಡು ನೀಲಿ, ಒಂದನ್ನು ನೋಡದೆ ತೆಗೆದು ಪಕ್ಕಕ್ಕಿಟ್ಟರೆ ಎರಡನೆಯದು ಕೆಂಪಾಗಿರುವ ಸಂಭವನೀಯತೆ ಎಷ್ಟು, ಅಕ್ಕ ಬರೆದೇಬಿಟ್ಟಳು, ಐದರಲ್ಲಿ ಮೂರು, ಪೆನ್ಸಿಲ್ ಮತ್ತೆ ಎದ್ದಿತು, ಒಂದು ಹೋಯಿತಲ್ಲ, ಉಳಿದದ್ದು ನಾಲ್ಕು, ಛೇದದಲ್ಲಿ ಐದು ಹೇಗೆ ಬಂತು — ಇದೇ ಮಾತು, ಒಂದಕ್ಷರ ಬಿಡದೆ ಇದೇ ಮಾತು ಹಿಂದೊಮ್ಮೆಯೂ ಆಡಿದ್ದ, ಆಗ ಅವನಿಗೆ ಹದಿನಾಲ್ಕು, ಅವಳಿಗೆ ಹದಿನಾರು, ಅವತ್ತೂ ಪರೀಕ್ಷೆಯ ಬೆಳಿಗ್ಗೆ, ಅಷ್ಟೂ ಗೊತ್ತಾಗಲ್ವೇನೇ ಅಕ್ಕ, ಅಪ್ಪ ಗಡ್ಡ ಹೆರೆಯುತ್ತಲೇ ಅವನು ಹೇಳಿದ್ದು ಕೇಳೇ, ಅವನಿಗೆ ತಲೆಯಿದೆ, ಅಂದಿದ್ದರು, ಅದೇ ಲೆಕ್ಕ ಪರೀಕ್ಷೆಗೂ ಬಂತು, ಬರೆದು ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದ್ದಳು, ಮೊದಲು ಐದರಲ್ಲಿ ಮೂರು ಅಂತ ಬರೆದಿದ್ದೆ, ನೀನಂದದ್ದು ನೆನಪಾಗಿ ಹೊಡೆದುಹಾಕಿ ನಾಲ್ಕರಲ್ಲಿ ಎರಡು ಮಾಡಿದೆ ಕಣೋ, ಮೂರು ಅಂಕದ ಲೆಕ್ಕ, ಎರಡು ಅಂಕಕ್ಕೆ ಫೇಲು — ಇರು, ಈಗ ಕುಟ್ಟುವ ಮೊದಲು ಬಿಡಿಸಿ ನೋಡು, ಅಂದುಕೊಂಡ, ಮೊದಲನೆಯದು ಕೆಂಪಾಗಿದ್ದರೆ ಐದರಲ್ಲಿ ಮೂರು ಗುಣಿಸು ನಾಲ್ಕರಲ್ಲಿ ಎರಡು, ಇಪ್ಪತ್ತರಲ್ಲಿ ಆರು, ನೀಲಿಯಾಗಿದ್ದರೆ ಐದರಲ್ಲಿ ಎರಡು ಗುಣಿಸು ನಾಲ್ಕರಲ್ಲಿ ಮೂರು, ಅರೆ, ಅದೂ ಇಪ್ಪತ್ತರಲ್ಲಿ ಆರು, ಕೂಡು, ಹನ್ನೆರಡು, ಇಪ್ಪತ್ತರಲ್ಲಿ ಹನ್ನೆರಡು, ನಾಲ್ಕರಿಂದ ಹೊಡೆ, ಐದರಲ್ಲಿ ಮೂರು, ಮೈ ಜುಮ್ಮೆಂದಿತು, ಎರಡು ದಾರಿ ಹಿಡಿದು ಹೋದರೂ ಅಲ್ಲಿಗೇ ಬಂದು ನಿಲ್ಲುವ ಲೆಕ್ಕ, ಎದ್ದು ಕುಣಿಯಬೇಕು ಅನ್ನಿಸುತ್ತಿದೆ, ಕೂಗಿ ಹೇಳಬೇಕು ಅನ್ನಿಸುತ್ತಿದೆ, ಕೈ ಮಾತ್ರ ಇನ್ನೂ ಗಾಳಿಯಲ್ಲಿ, ಅಕ್ಕನ ಕಣ್ಣು ಆ ಕೈಯ ಮೇಲೆ, ಏನೋ, ತಪ್ಪಾ, ಹೊಡೆದುಹಾಕಲಾ, ಮೊದಲನೆಯದನ್ನ ನಾವು ನೋಡೇ ಇಲ್ಲವಲ್ಲ, ಅದು ಒಳಗಿದ್ದರೇನು ಹೊರಗಿದ್ದರೇನು ಅಂತ ನನ್ನ ಲೆಕ್ಕಾಚಾರ, ಇರಲಿ ಬಿಡು, ಆ ಕಾಲದಲ್ಲೂ ಯಾವುದೋ ಲೆಕ್ಕ ಕೆಡಿಸಿಕೊಂಡೇ ಹೋದೆನಲ್ಲ, ಯಾವುದು ಅಂತಲೂ ಈಗ ನೆನಪಿಲ್ಲ, ನನ್ನ ತಲೆಗೆ ಹತ್ತೋದು ಅಷ್ಟೇ — ಅವಳ ಪೆನ್ನು ಐದರ ಮೇಲೆ ಇಳಿಯುತ್ತಿದೆ, ಅವನು ಅವಳ ಮಣಿಕಟ್ಟು ಹಿಡಿದುಕೊಂಡ, ಎರಡು ತಿಂಗಳಲ್ಲಿ ಮೊದಲ ಸಲ ಬಾಯಿ ಬಿಟ್ಟ, ಸರಿ ಇದೆ ಕಣೇ, ಯಾರು ಏನೇ ಅಂದರೂ ಹೊಡೆದುಹಾಕಬೇಡ, ಅಯ್ಯೋ ಮೇಷ್ಟ್ರಿಗೆ ಮಾತು ಬಂತಲ್ಲಪ್ಪ ಎಂದು ನಕ್ಕಳು, ಇಷ್ಟು ಹೇಳೋಕೆ ಕೈ ಯಾಕೋ ಹಿಡಿಬೇಕು, ಎಂದು ಪ್ರವೇಶಪತ್ರ ಎತ್ತಿಕೊಂಡಳು, ಚಪ್ಪಲಿ ಮೆಟ್ಟಿದಳು, ಮೆಟ್ಟಿಲು ಒಂದು ಎರಡು ಮೂರು ಇಳಿದಳು, ಈಗ, ಈಗಲಾದರೂ, ಬೀದಿಯ ತಿರುವು ಬಂತು.

ಇಪ್ಪತ್ತೈದು ವರ್ಷದ ಹಿಂದೆ ಅವಳು ಹೊಡೆದುಹಾಕಿದ ಉತ್ತರವೂ ಸರಿಯಾಗಿತ್ತೆಂದು ಅವನು ಹೇಳಲಿಲ್ಲ.